ಹದಿನೈದು ಆಡು, ಮೂರು ಅಡಿಕೆ ಹುಲಿ

ಮದುವೆಯಾಗಿ ಹತ್ತು ವರ್ಷವಾದರೂ ಅತ್ತೆಗೆ ಆಡು-ಹುಲಿ ಆಟ ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಾಗಿದ್ದು ಎರಡು ವರ್ಷದ ಹಿಂದೆ, ಪುಷ್ಯ ಮಳೆ ಹಿಡಿದಾಗ. ಸಕಲೇಶಪುರದಿಂದ ಒಳಗಿರುವ ಊರು. ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲ, ಫೋನ್ ಸತ್ತಿದೆ, ಹಾಸನಕ್ಕೆ ಹೊರಡೋಣ ಅಂದರೆ ಹಳ್ಳ ತುಂಬಿದೆ. ಅತ್ತೆ ಒಲೆಯಿಂದ ಒಂದು ಇದ್ದಿಲು ತಂದು ಜಗಲಿಯ ಕೆಂಪು ಗಾರೆ ಮೇಲೆ ಗೆರೆ ಎಳೆದರು. "ಬಾರವ್ವ, ಕೂತ್ಕ" ಅಂದರು.

ಕಾಲೇಜಿನಲ್ಲಿ ಚೆಸ್ ಆಡಿ ಒಂದೆರಡು ಕಪ್ ತಂದವಳು ನಾನು. ರಾಜನೂ ಇಲ್ಲ, ಮಂತ್ರಿಯೂ ಇಲ್ಲ, ಇದೇನು ಮಹಾ ಅಂತ ಕೂತೆ.

ಹುಲಿಗೆ ಮೂರು ಅಡಿಕೆ, ಆಡಿಗೆ ಹದಿನೈದು ಪಾರ್ಚ್‌ಮೆಂಟ್ ಕಾಫಿ ಬೀಜ, ಅಂದರೆ ತೆಳು ಹೊಟ್ಟು ಇನ್ನೂ ಬಿಡಿಸದ ಬೀಜ. ಗೆರೆಗಳು ಕೂಡುವ ಜಾಗವೇ ಮನೆ. ಒಂದು ಹುಲಿ ತ್ರಿಕೋನದ ತುದಿಯಲ್ಲಿ, ಇನ್ನೆರಡು ಅದರ ಕೆಳಗಿನ ಸಾಲಿನ ನಡುವಿನ ಎರಡು ಮನೆಗಳಲ್ಲಿ. ಆಡುಗಳು ಒಂದೊಂದಾಗಿ ಇಳಿಯುತ್ತವೆ. ಹದಿನೈದೂ ಇಳಿಯುವ ತನಕ ಯಾವ ಆಡೂ ಕದಲುವ ಹಾಗಿಲ್ಲ, ಹುಲಿಗಳು ಮಾತ್ರ ಓಡಾಡಿಕೊಂಡಿರುತ್ತವೆ. ಪಕ್ಕದಲ್ಲಿ ಆಡಿದ್ದು ಅದರ ಹಿಂದಿನ ಮನೆ ಖಾಲಿಯಿದ್ದರೆ ಹುಲಿ ಹಾರಿ ತಿನ್ನುತ್ತದೆ. ಐದು ಆಡು ಹೋದರೆ ಹುಲಿ ಗೆದ್ದ ಹಾಗೆ. ಇದು ನಮ್ಮನೆ ಲೆಕ್ಕ, ಬೇರೆ ಕಡೆ ಬೇರೆ ಇದೆ. ಮೂರು ಹುಲಿಯನ್ನೂ ಅಲುಗಾಡದಂತೆ ಕಟ್ಟಿದರೆ ಆಡು ಗೆದ್ದ ಹಾಗೆ.

ಎರಡು ದಿನ ನನಗೆ ಹುಲಿ ಕೊಟ್ಟರು. ಅದು ಸುಲಭ. ಮೂರನೇ ದಿನ ಕಾಫಿ ಬೀಜ ನನ್ನ ಕೈಗೆ ಬಂತು. ಅಲ್ಲಿಂದ ಶುರುವಾದ ಸೋಲನ್ನು ಕ್ಯಾಲೆಂಡರ್ ಹಿಂದೆ ಗೀಟು ಹಾಕಿ ಎಣಿಸಿದ್ದೇನೆ: ಹದಿನಾಲ್ಕು. ಅದರಲ್ಲಿ ಒಂದಕ್ಕೆ ನಾನು ಹೊಣೆಯಲ್ಲ. ಚಪ್ಪಟೆ ಬೀಜವಾದರೆ ಮಗುಚಿಟ್ಟಲ್ಲೇ ಕೂರುತ್ತದೆ. ನಾನು ನೋಡದೆ ಒಂದು ಪೀಬೆರಿ, ಅಂದರೆ ಗುಂಡನೆಯ ಬೀಜ, ಇಟ್ಟಿದ್ದೆ, ಅದು ಉರುಳಿ ಪಕ್ಕದ ಮನೆಗೆ ಹೋಯಿತು. ಅತ್ತೆ ಮರುಮಾತಿಲ್ಲದೆ ತಿಂದರು.

ಹಾಸನಕ್ಕೆ ಬಂದವಳೇ ರಟ್ಟಿನ ಮೇಲೆ ನೆನಪಿನಿಂದ ಗೆರೆ ಬರೆದೆ. ಒಂದು ತ್ರಿಕೋನ, ತುದಿಯಿಂದ ಬುಡಕ್ಕೆ ಒಳಗೆ ಇನ್ನೆರಡು ಗೆರೆ, ಅಡ್ಡ ಮೂರು ಗೆರೆ. ಮುಂದಿನ ಸಲ ಊರಿಗೆ ಹೋದಾಗ ಅದನ್ನು ತೋರಿಸಿದರೆ ಅತ್ತೆ ನಕ್ಕರು. "ಆಡಿಗೆ ದೊಡ್ಡಿನೇ ಇಲ್ವಲ್ಲವ್ವ!" ಅಡ್ಡಗೆರೆಗಳು ತ್ರಿಕೋನದಿಂದ ಎರಡೂ ಕಡೆ ಹೊರಗೆ ಚಾಚಬೇಕು, ಚಾಚಿದ ತುದಿಗಳನ್ನು ಮೇಲಿಂದ ಕೆಳಕ್ಕೆ ಸೇರಿಸಬೇಕು. ಹಾಗಾದಾಗಲೇ ಒಟ್ಟು 23 ಮನೆ. ಎಡಕ್ಕೆ ಮೂರು, ಬಲಕ್ಕೆ ಮೂರು, ಅದೇ ದೊಡ್ಡಿ. ನಾನು ಬರೆದದ್ದರಲ್ಲಿ ಆರು ಮನೆ ನಾಪತ್ತೆ.

ಆ ದೊಡ್ಡಿ ಯಾಕೆ ಅಂತ ಅರ್ಥವಾದ ಮೇಲೆ ನನ್ನ ಆಟ ತಿರುಗಿತು. ಪೆನ್ಸಿಲ್ ಹಿಡಿದು ಒಂದೊಂದು ಮನೆಯನ್ನೂ ನೋಡಿದೆ: ಇಲ್ಲಿ ಕೂತ ಆಡನ್ನು ಹುಲಿ ಯಾವ ಕಡೆಯಿಂದ ಹಾರಬಹುದು? ಗೆರೆ ಮುಗಿಯುವ ಮನೆಯಲ್ಲಿ ಹಾರಿ ಇಳಿಯಲು ಜಾಗವೇ ಇಲ್ಲ. ಎರಡು ದೊಡ್ಡಿಗಳ ಮೇಲಿನ, ಕೆಳಗಿನ ಮನೆ, ಬುಡದ ಎರಡು ಮೂಲೆ, ಈ ಆರರಲ್ಲಿ ಆಡನ್ನು ಯಾವತ್ತೂ ತಿನ್ನಲಾಗದು. ಇವು ತುಂಬಿದರೆ ದೊಡ್ಡಿಗಳ ನಡುಮನೆ ಎರಡು, ಬುಡದ ಮಧ್ಯದ ಮನೆ ಎರಡು, ಅವೂ ಭದ್ರ. ಅಲ್ಲಿಗೆ ಹತ್ತು ಆಡು ಇಳಿದವು, ಒಂದೂ ಹೋಗಿಲ್ಲ. ಹುಲಿಯೇನು ನೋಡುತ್ತ ಕೂರುವುದಿಲ್ಲ, ತಾನೇ ಬಂದು ದೊಡ್ಡಿಯಲ್ಲಿ ಮಲಗುತ್ತದೆ. ಆದರೂ ಬೀಜ ಎಲ್ಲಿಡಬೇಕು ಅಂತ ಕೈ ನಡುಗುವುದು ನಿಂತಿತು.

ಒಂದನ್ನೂ ಕಳೆದುಕೊಳ್ಳದೆ ಹದಿನೈದೂ ಇಳಿಸಿದ ಮೇಲೂ ಸೋತೆ. ಆಗ ನಿಜವಾಗಿ ತಲೆಕೆಟ್ಟಿತು. 18 ಕಾಯಿ ಕೂತ ಮೇಲೆ ಖಾಲಿ ಉಳಿಯುವುದು ಐದೇ ಮನೆ. ಇನ್ನು ಮೇಲೆ ಆಡನ್ನು ಸರಿಸಲೇಬೇಕು, ನಡೆ ಬಿಡುವ ಹಾಗಿಲ್ಲ. ಭದ್ರವಾಗಿ ಕೂತದ್ದನ್ನು ಎಬ್ಬಿಸಿದರೆ ಅದರ ಬೆನ್ನಿಗೆ ನಿಂತದ್ದು ಬರಿದಾಗುತ್ತದೆ. ಅತ್ತೆ ಸುಮ್ಮನೆ ಒಂದು ಹುಲಿಯನ್ನು ಅತ್ತ ಇತ್ತ ಆಡಿಸುತ್ತ ನಾನು ತಪ್ಪುವುದನ್ನು ಕಾಯುತ್ತಿದ್ದರು. ಕೊನೆಗೆ ಅವರೇ ಹೇಳಿದರು: "ಒಂದು ದೊಡ್ಡೀಲಿ ಎರಡೇ ಆಡ ಮಡಗು. ಒಂದು ಮನೆ ಬಿಡು." ಒಂದು ಆಡು ಕೆಳಗೆ, ಇನ್ನೊಂದು ಮೇಲಿನ ಮನೆಗೂ ನಡುಮನೆಗೂ ಹೋಗಿ ಬರುತ್ತದೆ. ಪಕ್ಕದ ಒಳಮನೆಗಳಲ್ಲಿ ಆಡಿಲ್ಲದಿದ್ದರೆ ಇದರಿಂದ ಯಾರಿಗೂ ಅಪಾಯವಿಲ್ಲ. ಪುಕ್ಕಟೆ ನಡೆ. ಈಗ ಕಾಯುವ ಸರದಿ ಹುಲಿಯದು.

ಕಟ್ಟುವುದಕ್ಕೂ ಲೆಕ್ಕವಿದೆ. ನಡುವಿನ ಅಡ್ಡಗೆರೆಯ ಮಧ್ಯದ ಎರಡು ಮನೆಗಳಲ್ಲಿ ಒಂದರಲ್ಲಿ ನಿಂತ ಹುಲಿಗೆ ನಾಲ್ಕು ದಿಕ್ಕು. ಒಂದೊಂದು ದಿಕ್ಕಿಗೂ ಮುಂದೊಂದು, ಅದರ ಹಿಂದೊಂದು ಅಂದರೆ ಎಂಟು ಆಡು ಬೇಕು. ದೊಡ್ಡಿಯ ಮೂಲೆಯಲ್ಲಾದರೆ ನಾಲ್ಕು ಸಾಕು. ನಾನು ಮೊದಲ ಸಲ ಗೆದ್ದದ್ದು ಹೀಗೇ. ನಾದಿನಿಯ ಫೋನ್ ಬಂತು. ಅತ್ತೆ ಮಾತಾಡುತ್ತಲೇ ಹುಲಿಯನ್ನು ಬಲದೊಡ್ಡಿಯ ಮೇಲಿನ ಮೂಲೆಗೆ ಸರಿಸಿದರು. ಕೆಳಗೆ ನನ್ನ ಎರಡು ಆಡು ಆಗಲೇ ಇದ್ದವು, ಎಡಕ್ಕೆ ಒಂದು ಮನೆ ಬಿಟ್ಟು ಇನ್ನೊಂದು. ಆ ಬಿಟ್ಟ ಮನೆಗೆ ಬೀಜ ಇಟ್ಟೆ. ಫೋನ್ ಇಟ್ಟು ನೋಡಿದವರು ಒಂದು ನಿಮಿಷ ಉಸಿರೆತ್ತಲಿಲ್ಲ. ಉಳಿದೆರಡನ್ನು ಕಟ್ಟಲು ಮುಕ್ಕಾಲು ಗಂಟೆ ಹಿಡಿಯಿತು. "ಇದು ಲೆಕ್ಕಕ್ಕಿಲ್ಲ, ನಾನು ಮಾತಾಡ್ತಿದ್ದೆ" ಅಂದರು. ನಾನು ಗೀಟು ಹಾಕಿಯೇ ಬಂದೆ.

ನೇಪಾಳದಲ್ಲಿ ಇದರ ದಾಯಾದಿ ಆಟವೊಂದಿದೆ, ಬಾಘ್‌ಚಾಲ್. 25 ಮನೆ, ನಾಲ್ಕು ಹುಲಿ, ಇಪ್ಪತ್ತು ಆಡು. ಇಬ್ಬರೂ ತಪ್ಪಿಲ್ಲದೆ ಆಡಿದರೆ ಅದು ಡ್ರಾ ಅಂತ ಕಂಪ್ಯೂಟರ್‌ನಲ್ಲಿ ಲೆಕ್ಕಹಾಕಿದ್ದಾರೆ. ಅತ್ತೆಗೆ ಹೇಳಿದೆ. "ತಪ್ಪಿಲ್ಲದೆ ಆಡೋರು ಯಾರವ್ವ?" ಅಂದು ಅಡಿಕೆ ಜೋಡಿಸಿದರು.

ಹಾಸನದ ನಮ್ಮ ಮನೆಯ ಟೈಲ್ಸ್ ಮೇಲೆ ಇದ್ದಿಲು ನಿಲ್ಲುವುದಿಲ್ಲ. ಪ್ಲೈವುಡ್ ತುಂಡಿಗೆ ಪೇಂಟ್‌ನಲ್ಲಿ ಗೆರೆ ಎಳೆದಿದ್ದೇನೆ, ದೊಡ್ಡಿ ಸಮೇತ. ನಾಲ್ಕನೇ ಕ್ಲಾಸಿನ ಮಗನಿಗೆ ಯಾವಾಗಲೂ ಹುಲಿಯೇ ಬೇಕು. ಭಾನುವಾರ ವಿಡಿಯೋ ಕಾಲ್ ಹಾಕಿ ಫೋನನ್ನು ಪಕ್ಕಕ್ಕೆ ನಿಲ್ಲಿಸಿರುತ್ತೇವೆ. ಅಜ್ಜಿ ಅಲ್ಲಿಂದಲೇ ಮೊಮ್ಮಗನ ಪಕ್ಷ ವಹಿಸಿ, ನಾನು ಬೀಜಕ್ಕೆ ಕೈ ಹಾಕುವ ಮೊದಲೇ ಅದು ಎಲ್ಲಿಗೆ ಹೋಗುತ್ತದೆ ಅಂತ ಅವನಿಗೆ ಹೇಳಿಬಿಡುತ್ತಾರೆ.