ಎಸ್‌ಎಚ್‌ಎಂ ಲೆಕ್ಕ ನಾನು ಬಿಡಿಸುವ ರೀತಿ

ಸರಳ ಸಂಗತ ಚಲನೆಯ (ಎಸ್‌ಎಚ್‌ಎಂ), ಅಂದರೆ ವಸ್ತು ಒಂದು ಜಾಗದ ಆಚೆ ಈಚೆ ತೂಗಾಡುವ ಚಲನೆಯ ಲೆಕ್ಕ ಎದುರಿಗೆ ಬಂದಾಗ ನಾನು ಮೊದಲು ಸೂತ್ರ ಬರೆಯುವುದಿಲ್ಲ. ವಸ್ತು ಅಲ್ಲಾಡದೆ ನಿಲ್ಲಬಹುದಾದ ಜಾಗ ಯಾವುದು ಅಂತ ಹುಡುಕುತ್ತೇನೆ. ಅದೇ ಸಮತೋಲನ ಸ್ಥಾನ. ಅಲ್ಲೊಂದು ಗೆರೆ ಎಳೆದು, ದೂರವನ್ನೆಲ್ಲ ಅಲ್ಲಿಂದಲೇ ಅಳೆಯುತ್ತೇನೆ.

ಒಂದು ಸ್ಪ್ರಿಂಗ್ ನೇತಾಡುತ್ತಿದೆ ಅಂದುಕೊಳ್ಳಿ. ಅದರ ಸ್ಥಿರಾಂಕ, ಅಂದರೆ ಹಿಗ್ಗಿಸಲು ಬೇಕಾದ ಬಲ, ಮೀಟರಿಗೆ 200 ನ್ಯೂಟನ್. ತುದಿಗೆ ಅರ್ಧ ಕೆಜಿ ಗುಂಡು ಸಿಕ್ಕಿಸಿ, ಸ್ಪ್ರಿಂಗ್ ಇನ್ನೂ ಹಿಗ್ಗದಿರುವಾಗಲೇ ಕೈ ಬಿಟ್ಟರೆ ಗರಿಷ್ಠ ವೇಗ ಎಷ್ಟು? ತೂಕ 4.9 ನ್ಯೂಟನ್. 200ರಿಂದ ಭಾಗಿಸಿದರೆ 2.45 ಸೆಂ.ಮೀ. ಗೆರೆ ಅಷ್ಟು ಕೆಳಗೆ. ಬಿಟ್ಟಾಗ ವೇಗ ಸೊನ್ನೆ, ಹಾಗಾಗಿ ಆಂಪ್ಲಿಟ್ಯೂಡ್ (ಗೆರೆಯಿಂದ ವಸ್ತು ಸರಿಯುವ ಗರಿಷ್ಠ ದೂರ) ಕೂಡ 2.45 ಸೆಂ.ಮೀ. ಒಮೇಗಾ, ಅಂದರೆ ಆಂದೋಲನ ಎಷ್ಟು ಬೇಗ ಅನ್ನೋದನ್ನು ಹೇಳುವ ಕೋನೀಯ ಆವೃತ್ತಿ: 200ನ್ನು 0.5ರಿಂದ ಭಾಗಿಸಿ ಬಂದದ್ದರ ವರ್ಗಮೂಲ, 20. ಎರಡನ್ನೂ ಗುಣಿಸಿದರೆ ಸೆಕೆಂಡಿಗೆ 0.49 ಮೀಟರ್. ಶಕ್ತಿಯ ಸಮೀಕರಣದಿಂದಲೂ ಇದೇ ಉತ್ತರ ಬರುತ್ತದೆ, ಬರೆಯೋದು ಮಾತ್ರ ಜಾಸ್ತಿ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಗುಂಡು ತೀರಾ ಕೆಳಗೆ ಬಂದ ಕ್ಷಣದಲ್ಲಿ ಇನ್ನೊಂದು ಅರ್ಧ ಕೆಜಿಯನ್ನು ಮೆಲ್ಲಗೆ ಅಂಟಿಸಿದರೆ ಏನಾಗುತ್ತದೆ? ಹೊಸ ಆವರ್ತ ಕಾಲ (ಒಂದು ಪೂರ್ತಿ ಆಂದೋಲನಕ್ಕೆ ಹಿಡಿಯುವ ಸಮಯ) ಹುಡುಕೋಕೆ ಕೈ ಹೋಗುತ್ತದೆ, ಅಲ್ವಾ? ಮೊದಲು ಗೆರೆ ನೋಡಿ. ತೂಕ ಎರಡು ಪಟ್ಟಾಯಿತು, ಗೆರೆ 4.9 ಸೆಂ.ಮೀ.ಗೆ ಇಳಿಯಿತು. ಗುಂಡು ಇರುವುದೂ ಅಲ್ಲೇ, ವೇಗವೂ ಸೊನ್ನೆ. ಹಾಗಾಗಿ ಆಂದೋಲನವೇ ಇಲ್ಲ, ಅಲ್ಲೇ ನಿಂತುಬಿಡುತ್ತದೆ! ದ್ರವ್ಯರಾಶಿ ಬದಲಾಗುವ ಲೆಕ್ಕಗಳಲ್ಲೆಲ್ಲ ನಾನು ಹಳೆಯ ಗೆರೆ ಅಳಿಸಿ ಹೊಸದು ಎಳೆಯುತ್ತೇನೆ.

ಸ್ಪ್ರಿಂಗ್ ಇಲ್ಲದ ಕಡೆಯೂ ದಾರಿ ಅದೇ. ವಸ್ತುವನ್ನು ಗೆರೆಯಿಂದ ಸ್ವಲ್ಪ ಸರಿಸಿ, ವಾಪಸ್ ಎಳೆಯುವ ಬಲ ಬರೆಯುತ್ತೇನೆ. ಯು ಆಕಾರದ ಕೊಳವೆಯಲ್ಲಿ ನೀರು ಒಂದು ಕಡೆ ಎಕ್ಸ್‌ನಷ್ಟು ಇಳಿದರೆ ಇನ್ನೊಂದು ಕಡೆ ಅಷ್ಟೇ ಏರುತ್ತದೆ. ಹಾಗಾಗಿ ಮಟ್ಟದ ವ್ಯತ್ಯಾಸ ಎರಡು ಎಕ್ಸ್. ಆ ಎರಡನ್ನು ಬಿಡದಿದ್ದರೆ ಒಮೇಗಾದ ವರ್ಗ ತಾನಾಗಿ ಬರುತ್ತದೆ: ಎರಡು ಜಿ (ಜಿ ಅಂದರೆ ಗುರುತ್ವ ವೇಗೋತ್ಕರ್ಷ) ಭಾಗಿಸು ನೀರಿನ ಪೂರ್ತಿ ಉದ್ದ.

ಸಮಯ ಕೇಳಿದರೆ ಮಾತ್ರ ವೃತ್ತ ಬರೆಯುತ್ತೇನೆ. ಒಂದು ಚುಕ್ಕೆ ಒಂದೇ ವೇಗದಲ್ಲಿ ಸುತ್ತುತ್ತಿದೆ, ಅದರ ನೆರಳೇ ನಮ್ಮ ವಸ್ತು. ಗೆರೆಯಿಂದ ಅರ್ಧ ಆಂಪ್ಲಿಟ್ಯೂಡ್‌ವರೆಗೆ ಚುಕ್ಕೆ ತಿರುಗುವುದು 30 ಡಿಗ್ರಿ, ಅಲ್ಲಿಂದ ತುದಿಗೆ 60 ಡಿಗ್ರಿ. ಅಂದರೆ ಆವರ್ತ ಕಾಲದ ಹನ್ನೆರಡನೇ ಒಂದು ಭಾಗ, ಆಮೇಲೆ ಆರನೇ ಒಂದು ಭಾಗ. ದೂರ ಒಂದೇ ಆದರೂ ಸಮಯ ದುಪ್ಪಟ್ಟು, ಯಾಕಂದರೆ ತುದಿಯ ಹತ್ತಿರ ವಸ್ತು ನಿಧಾನ. ಹೀಗೆ ಮಾಡಿದರೆ ಸೈನ್, ಕೊಸೈನ್‌ಗಳಲ್ಲಿ ಯಾವುದು ಅನ್ನೋ ಗೊಂದಲವೇ ಬರುವುದಿಲ್ಲ. 30, 60ರಂಥ ಸುಲಭದ ಕೋನ ಬರದ ಲೆಕ್ಕ ಸಿಕ್ಕಿದರೆ ಕ್ಯಾಲ್ಕುಲೇಟರ್ ಹಿಡಿಯುತ್ತೇನೆ, ಅದು ರೇಡಿಯನ್‌ನಲ್ಲಿ (ಡಿಗ್ರಿಯ ಬದಲು ಕೋನ ಅಳೆಯುವ ಇನ್ನೊಂದು ಮಾನ) ಇದೆಯಾ ಅಂತ ನೋಡಿಕೊಂಡು.