ಚಿಪ್ಸ್ ಬಿಟ್ಟು ಸಜ್ಜಿ ರೊಟ್ಟಿಗೆ ಬಂದ ನನ್ನ ಮಗ

ನನ್ನ ಮಗ ಈಗ ಸಜ್ಜಿ ರೊಟ್ಟಿ ತಿನ್ನುತ್ತಾನೆ, ಅದೂ ಅಗಸಿ ಹಿಂಡಿ (ಅಗಸೆಬೀಜದ ಚಟ್ನಿಪುಡಿ) ಹಚ್ಚಿಕೊಂಡು. ಅವನಿಗೆ ಆಟಿಸಂ ಇದೆ, ಹೊಸ ತಿನಿಸು ಬಾಯಿಗಿಡುವುದೇ ಕಷ್ಟ. ಆಟಿಸಂ ಮಕ್ಕಳ ತಾಯಂದಿರಿಗೆ ಇದೆಂಥ ಸುದ್ದಿ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ? "ಅಂವ ತಿನ್ನಂಗಿಲ್ಲ ಬಿಡವಾ, ಯಾಕ ಜೀವಾ ತಿಂತೀ" ಅಂದಿದ್ದ ನಮ್ಮ ಅತ್ತೆಯೇ ಈಗ ಓಣಿಗೆಲ್ಲ ಹೇಳಿಕೊಂಡು ಬರುತ್ತಾರೆ.

ಮೊದಲು ಅವನ ಊಟ ಅಂದರೆ ಒಂದೇ ಕಂಪನಿಯ ಚಿಪ್ಸ್, ಬಿಳಿ ಅನ್ನ, ದಿನಕ್ಕೆ ಹೆಚ್ಚುಕಡಿಮೆ ಒಂದು ಲೀಟರ್ ಹಾಲು. ಹಿಮೋಗ್ಲೋಬಿನ್ ಎಂಟೂವರೆಗೆ ಇಳಿದಿತ್ತು. ಹಾಲಿನಲ್ಲಿ ಕಬ್ಬಿಣಾಂಶ ಇಲ್ಲವೇ ಇಲ್ಲ ಅನ್ನಬಹುದು, ಮೇಲೆ ಹಸಿವೂ ಸಾಯುತ್ತದೆ. ಡಾಕ್ಟರ್ ಐರನ್ ಡ್ರಾಪ್ಸ್ ಕೊಟ್ಟರು, ಹಾಲನ್ನು ಎರಡು ಲೋಟಕ್ಕೆ ಇಳಿಸಿ ಅಂದರು. ಆ ವಾರದ ರಂಪಾಟ ಕೇಳಬೇಡಿ.

ದುಡ್ಡು ಹೋಗಿದ್ದು ಬೇರೆ ಕಡೆ. ಗೋಧಿ ಬಿಡಿಸಿದರೆ ಆಟಿಸಂ ಕಡಿಮೆಯಾಗುತ್ತದೆ ಅಂತ ಯಾರೋ ತಲೆಗೆ ತುಂಬಿದರು. ತಿಂಗಳಿಗೆ ಆರೇಳು ಸಾವಿರದ ಗೋಧಿ ಇಲ್ಲದ ಸಾಮಾನು, ಮೂರ್ನಾಲ್ಕು ತಿಂಗಳು. ಬಂದ ಬಿಸ್ಕೀಟನ್ನು ಮೂಸಿ ಎಸೆದ. ಪ್ರೋಟೀನ್ ಪೌಡರ್ ಡಬ್ಬಿ ನಮ್ಮ ಯಜಮಾನರೇ ಕುಡಿದು ಖಾಲಿ ಮಾಡಿದರು. ಅತ್ತೆ ಅನ್ನದಲ್ಲಿ ಪಾಲಕ್ ಅರೆದು ಬಚ್ಚಿಟ್ಟ ದಿನದಿಂದ ಅನ್ನವನ್ನೂ ಬಿಟ್ಟ, ಅದು ವಾಪಸ್ ಬರಲು ತಿಂಗಳು ಹಿಡಿಯಿತು. ಬಚ್ಚಿಟ್ಟು ಮಾತ್ರ ಕೊಡಬೇಡಿ.

ಓಟಿ (ಆಕ್ಯುಪೇಷನಲ್ ಥೆರಪಿ) ಮೇಡಂ ಹೇಳಿದ್ದು ಫುಡ್ ಚೈನಿಂಗ್, ಅಂದರೆ ಮಗು ಈಗಾಗಲೇ ತಿನ್ನುವ ತಿನಿಸಿನಿಂದ ಶುರುಮಾಡಿ ಒಂದೊಂದನ್ನೇ ಸ್ವಲ್ಪ ಸ್ವಲ್ಪ ಬದಲಾಯಿಸುತ್ತ ಹೋಗುವುದು. ನಾನು ಹಿಡಿದಿದ್ದು ಸದ್ದನ್ನು. ಅವನಿಗೆ ರುಚಿಗಿಂತ ಆ ಕರಂ ಕುರುಂ ಬೇಕು. ಹಾಗಿದ್ದರೆ ನಮ್ಮ ಖಡಕ್ ರೊಟ್ಟಿ ಏನು ಕಡಿಮೆ? ಚಿಪ್ಸಿನಿಂದ ಹಪ್ಪಳಕ್ಕೆ ಬಂದೆ. ಆಮೇಲೆ ಹುಬ್ಬಳ್ಳಿಯ ದುರ್ಗದಬೈಲಿನಿಂದ ತಂದ ತೆಳ್ಳನೆ ಜೋಳದ ಖಡಕ್ ರೊಟ್ಟಿ, ಚಿಪ್ಸಿನಷ್ಟೇ ಚೂರು ಮಾಡಿ. ನಂತರ ಮನೆಯಲ್ಲೇ ತಟ್ಟಿ, ಬಾಟಲಿ ಮುಚ್ಚಳದಿಂದ ಗುಂಡಗೆ ಕತ್ತರಿಸಿ ಬೇಯಿಸಿದೆ. ಸಜ್ಜಿಯಲ್ಲಿ ಜೋಳಕ್ಕಿಂತ ಕಬ್ಬಿಣ ಜಾಸ್ತಿ ಅಂತ ಆ ಹಿಟ್ಟಿಗೆ ಸಜ್ಜಿ ಹಿಟ್ಟು ಬೆರೆಸತೊಡಗಿದೆ, ಒಂದು ಚಮಚದಿಂದ ಶುರು. ಬಣ್ಣ ಕಪ್ಪಾದರೆ ತಟ್ಟೆ ದೂಡುತ್ತಿದ್ದ, ಮತ್ತೆ ಅರ್ಧ ಚಮಚಕ್ಕೆ ಇಳಿಯುತ್ತಿದ್ದೆ. ಮೊದಲ ವಾರಗಳಲ್ಲಿ ರೊಟ್ಟಿ ಮೇಲೆ ಏನು ಉದುರಿಸುತ್ತಿದ್ದೆ ಅಂತ ಮಾತ್ರ ಹೇಳಲ್ಲ, ಅದು ನನ್ನ ಗುಟ್ಟು!

ನಡುವೆ ಸುಮ್ನೆ ಒಂದು ಪ್ರಯೋಗ. ಧಾರವಾಡ ಹತ್ತಿರದ ನವಲೂರಿನ ಪೇರಲ, ಸ್ವಲ್ಪ ಗಟ್ಟಿ ಇರುವಂಥದ್ದು, ತೆಳ್ಳಗೆ ಹೆಚ್ಚಿ ಉಪ್ಪು ಹಾಕಿ ರೊಟ್ಟಿ ಪಕ್ಕ ಇಟ್ಟೆ. ಸದ್ದು ಬಂತು, ತಿಂದ. ಅದರಲ್ಲಿರುವ ವಿಟಮಿನ್ ಸಿ ಇದ್ದರೆ ರೊಟ್ಟಿಯ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಕಿಲೋಗೆ ನಲವತ್ತೋ ಐವತ್ತೋ ಕೊಟ್ಟೆ, ಆ ಪೌಡರ್ ಡಬ್ಬಿಯ ದುಡ್ಡಿಗೆ ಒಂದು ಬುಟ್ಟಿ ಬರುತ್ತಿತ್ತು.

ಕೊನೇ ಸಲ ರಕ್ತ ನೋಡಿದಾಗ ಹನ್ನೊಂದರ ಹತ್ತಿರ ಇತ್ತು. ಡ್ರಾಪ್ಸ್ ಪಾಲೂ ಇದೆ, ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಬೇಳೆ ಸಾರು ಇನ್ನೂ ಮುಟ್ಟುವುದಿಲ್ಲ. ಹುರಿದ ಪುಟಾಣಿಯಿಂದ (ಹುರಿಗಡಲೆ) ಆ ಕಡೆ ಹೊರಟಿದ್ದೇನೆ.