ಲಕ್ವಾ ಹೊಡೆದವರಿಗೆ ವಿಡಿಯೋ ಕಾಲ್‌ನಲ್ಲಿ ಫಿಸಿಯೋಥೆರಪಿ ಮಾಡಿಸುವುದು ಹೇಗೆ?

ವಿಡಿಯೋ ಕಾಲ್‌ನಲ್ಲಿ ನಿಮ್ಮ ಕೈ ರೋಗಿಯನ್ನು ತಲುಪಲ್ಲ. ಪಕ್ಕದಲ್ಲಿ ನಿಂತು ಹಿಡಿಯುವವರು ಹೆಂಡತಿ, ಮಗ, ಇಲ್ಲವೇ ಸೊಸೆ. ಹಾಗಾಗಿ ಫಿಸಿಯೋಗಳಾದ ನೀವು ಮೊದಲು ಕಲಿಸಬೇಕಾದ್ದು ಅವರಿಗೆ. ಆದರೆ ಕಲಿಸಿ ಕೈ ತೊಳೆದುಕೊಂಡರೆ ಆಗಲ್ಲ. ಭಾರತದ 14 ಆಸ್ಪತ್ರೆಗಳಲ್ಲಿ 1250 ಸ್ಟ್ರೋಕ್ ರೋಗಿಗಳ ಮೇಲೆ ನಡೆದ ಅಟೆಂಡ್ ಅಧ್ಯಯನ 2017ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅದರಲ್ಲಿ ಮನೆಯವರಿಗೆ ತರಬೇತಿ ಕೊಟ್ಟು ವ್ಯಾಯಾಮದ ಹೊಣೆಯನ್ನು ಬಹುಪಾಲು ಅವರಿಗೇ ವಹಿಸಿದ್ದರು, ಆರು ತಿಂಗಳಾದ ಮೇಲೆ ನೋಡಿದರೆ ಮಾಮೂಲಿ ಆರೈಕೆಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಅಮೆರಿಕದಲ್ಲಿ 2019ರಲ್ಲಿ ಬಂದ, 124 ಜನರ ಇನ್ನೊಂದು ಅಧ್ಯಯನದಲ್ಲಿ ಥೆರಪಿಸ್ಟ್ ವಿಡಿಯೋದಲ್ಲಿ ನೋಡುತ್ತಾ ಕೈಗೆ ವ್ಯಾಯಾಮ ಮಾಡಿಸಿದಾಗ ಕ್ಲಿನಿಕ್‌ಗೆ ಬಂದವರಷ್ಟೇ ಸುಧಾರಣೆ ಆಗಿತ್ತು. ಎರಡೂ ಅಧ್ಯಯನ ಬೇರೆ ಬೇರೆ ಥರದವು, ನೇರ ಹೋಲಿಸೋಕೆ ಬರಲ್ಲ. ಆದರೂ ನನ್ನ ಮಟ್ಟಿಗೆ, ಬಿಡದೆ ನೋಡಿ ತಿದ್ದುವವರು ಇರಲೇಬೇಕು.

ಮೊದಲ ಭೇಟಿ ಎದುರಾ ಎದುರು ಆಗಲಿ. ಸ್ನಾಯು ಎಷ್ಟು ಬಿಗಿಯಾಗಿದೆ, ಭುಜ ಜಾರಿದೆಯಾ, ಪಾದಕ್ಕೆ ಸ್ಪರ್ಶ ಗೊತ್ತಾಗುತ್ತಾ, ಇವೆಲ್ಲ ಫೋನಿನಲ್ಲಿ ಸರಿಯಾಗಿ ತಿಳಿಯಲ್ಲ. ಮನೆಯಲ್ಲಿ ಹಿಡಿಯುವವರು ಯಾರೂ ಇಲ್ಲ ಅಂದರೆ ನಿಂತು ಮಾಡುವ ವ್ಯಾಯಾಮ ವಿಡಿಯೋದಲ್ಲಿ ಬೇಡವೇ ಬೇಡ.

ಇನ್ನು ಫೋನ್. ಅದನ್ನು ಕೈಯಲ್ಲಿ ಹಿಡಿಸಬೇಡಿ, ರೋಗಿಯನ್ನು ಹಿಡಿಯುವವರ ಎರಡೂ ಕೈ ರೋಗಿಗೆ ಬೇಕು. ಸ್ಟೂಲಿನ ಮೇಲೆ ಡಬ್ಬಕ್ಕೆ ಒರಗಿಸಿ, ರೋಗಿಯ ಸೊಂಟದ ಎತ್ತರಕ್ಕೆ, ಏಳೆಂಟು ಅಡಿ ದೂರದಲ್ಲಿ ಇಡಿಸಿ. ಕಿಟಕಿ ಬೆಳಕು ರೋಗಿಯ ಬೆನ್ನ ಹಿಂದೆ ಇದ್ದರೆ ಬರೀ ನೆರಳು ಕಾಣುತ್ತೆ. ಸೀರೆ, ನೈಟಿ, ಪಂಚೆ ಉಟ್ಟಿದ್ದರೆ ಮಂಡಿ ಕಾಣಲ್ಲ. ಮುಂಚೆಯೇ ಪೈಜಾಮ ಅಥವಾ ಚೂಡಿದಾರ್ ಪ್ಯಾಂಟ್ ಹಾಕಿಕೊಳ್ಳೋಕೆ ಹೇಳಿ, ನಡುವೆ ಹೇಳಿದರೆ ಅವರಿಗೂ ಮುಜುಗರ. ಎದ್ದು ಕೂರುವಾಗ ಪಕ್ಕದಿಂದ ನೋಡಿ, ಭಾರ ಯಾವ ಕಾಲಿನ ಮೇಲಿದೆ ಅಂತ ತಿಳಿಯೋಕೆ ಎದುರಿನಿಂದ ನೋಡಿ.

ಶುರು ಮಾಡುವ ಮುಂಚೆ ಬಿಪಿ ನೋಡಿಸಿ. ಮೇಲಿನ ಅಂಕಿ 180 ದಾಟಿದ್ದರೆ ಅವತ್ತು ವ್ಯಾಯಾಮ ನಿಲ್ಲಿಸಿ, ಡಾಕ್ಟರಿಗೆ ತಿಳಿಸಿ. ಕುರ್ಚಿ ಗೋಡೆಗೆ ಒತ್ತಿಕೊಂಡಿರಲಿ. ಹಗುರ ಪ್ಲಾಸ್ಟಿಕ್ ಕುರ್ಚಿ ನುಣುಪು ನೆಲದಲ್ಲಿ ಜಾರುತ್ತೆ, ಮರದ್ದು ಒಳ್ಳೆಯದು. ಹಿಡಿಯುವವರು ಸೋತ ಕಡೆ ನಿಲ್ಲಲಿ, ಸೊಂಟಕ್ಕೆ ಕಟ್ಟಿದ ಗಟ್ಟಿ ಬೆಲ್ಟ್ ಹಿಡಿದುಕೊಳ್ಳಲಿ. ಸೋತ ಕೈ ಹಿಡಿದು ಎಳೆದು ಎಬ್ಬಿಸಲೇಬಾರದು! ಪ್ರೀತಿಯಿಂದಲೇ ಹಾಗೆ ಎಳೆಯುತ್ತಾರೆ, ಆದರೆ ಬಲವಿಲ್ಲದ ಭುಜ ಕೀಲಿನಿಂದ ಜಾರಿ, ಆಮೇಲೆ ನೋವಿಗೆ ಕೈ ಮುಟ್ಟಿಸಿಕೊಳ್ಳೋಕೂ ಬಿಡದ ಹಾಗಾಗುತ್ತೆ. ಇದನ್ನು ಪ್ರತಿ ಸಲ ಹೇಳಿ, ಬೇಜಾರಾದರೂ ಹೇಳಿ.

ವ್ಯಾಯಾಮಗಳನ್ನು ಮನೆ ಕೆಲಸದಿಂದಲೇ ಆರಿಸಿ. ಸುಮ್ನೆ ಚೆಂಡು ಹಿಸುಕುವುದಕ್ಕಿಂತ ಅವರೆಕಾಯಿ ಸುಲಿಯುವುದು ಎಷ್ಟೋ ಮೇಲು. ಸೋತ ಕೈ ಕಾಯಿಯನ್ನು ಒತ್ತಿ ಹಿಡಿಯಲಿ, ಇನ್ನೊಂದು ಕೈ ಬಿಡಿಸಲಿ. ಸ್ವಲ್ಪ ಹಿಡಿತ ಬಂದ ಮೇಲೆ ಕಾಳನ್ನು ಒಂದೊಂದಾಗಿ ಸೋತ ಕೈಯಲ್ಲೇ ಎತ್ತಿ ಬಟ್ಟಲಿಗೆ ಹಾಕಲಿ. ಆಗ ಬೆರಳಷ್ಟೇ ನೋಡಬೇಡಿ. ಭುಜ ಕಿವಿಯ ಕಡೆ ಏರುತ್ತಿದ್ದರೆ, ಮೈ ಒಂದು ಕಡೆ ವಾಲುತ್ತಿದ್ದರೆ ಕೆಲಸ ಕಷ್ಟ ಆಗಿದೆ ಅಂತ ಅರ್ಥ, ಬಟ್ಟಲು ಹತ್ತಿರ ತರಿಸಿ.

ಮಾತು ಹೋದವರ ಜೊತೆ ಉದ್ದುದ್ದ ಹೇಳಬೇಡಿ. ಒಂದು ಸಲಕ್ಕೆ ಒಂದೇ ಮಾತು, ಮೊದಲು ನೀವು ಮಾಡಿ ತೋರಿಸಿ. ಪಾರ್ಕಿನ್ಸನ್ ಇದ್ದವರನ್ನೂ ನೋಡುತ್ತಿದ್ದರೆ ಮಾತ್ರೆ ಕೆಲಸ ಮಾಡುತ್ತಿರುವ ಹೊತ್ತು ಕೇಳಿ ಆಗ ವಿಡಿಯೋ ಕಾಲ್ ಇಟ್ಟುಕೊಳ್ಳಿ, ಇಲ್ಲದಿದ್ದರೆ ನಡೆಸುವುದೇ ಕಷ್ಟ.

ಪ್ರತಿ ಕಾಲ್‌ನ ಶುರುವಿಗೇ ರೋಗಿ ಇರುವ ಪೂರ್ತಿ ವಿಳಾಸ ಮತ್ತು ಪಕ್ಕದ ಮನೆಯವರ ನಂಬರ್ ನಿಮ್ಮ ಎದುರಿಗಿರಲಿ. ಬಾಯಿ ಹೊಸದಾಗಿ ಸೊಟ್ಟಗಾದರೆ, ಮಾತು ತೊದಲಿದರೆ, ಕೈ ಕಾಲು ಇನ್ನಷ್ಟು ಸೋತರೆ ತಡ ಮಾಡದೆ 108ಕ್ಕೆ ಫೋನ್ ಮಾಡಿಸಿ, ಯಾವಾಗ ಶುರುವಾಯಿತು ಅಂತ ಬರೆದಿಡಿ. ನೆಟ್‌ವರ್ಕ್ ಕೈಕೊಟ್ಟರೆ ಏನು ಮಾಡಬೇಕು ಅನ್ನೋದನ್ನೂ ಮೊದಲೇ ಮಾತಾಡಿಕೊಳ್ಳಿ: ಚಿತ್ರ ನಿಂತ ಕೂಡಲೇ ರೋಗಿಯನ್ನು ಕೂರಿಸಬೇಕು, ಆಮೇಲೆ ಮಾಮೂಲಿ ಫೋನ್ ಕಾಲ್ ಮಾಡಬೇಕು.